ನವಜಾತ ಶಿಶುಗಳಲ್ಲಿ ಮಲಬದ್ಧತೆ: ಪೋಷಕರಿಗೆ ಮಾಹಿತಿ

ಮಗು ಜನಿಸಿದ ಮೊದಲ ವಾರಗಳಲ್ಲಿ ತಾಯಿಯನ್ನೂ ಮನೆಯ ಹಿರಿಯರನ್ನೂ ಚಿಂತೆಗೀಡುಮಾಡುವ ವಿಷಯಗಳಲ್ಲಿ ಮಗುವಿನ ಮಲವಿಸರ್ಜನೆಯೂ ಒಂದಾಗಿರುತ್ತದೆ. ಒಂದೆರಡು ದಿನ ಮಲವಾಗದಿದ್ದಲ್ಲಿ ಹರಳೆಣ್ಣೆ ಕುಡಿಸುವುದು, ಸಕ್ಕರೆ ನೀರು ನೀಡುವುದು, ವೀಳ್ಯದೆಲೆಯ ತೊಟ್ಟನ್ನು ಗುದದ್ವಾರದಲ್ಲಿ ಇರಿಸುವುದು ಮುಂತಾದ ಕ್ರಮಗಳು ರೂಢಿಯಲ್ಲಿವೆ. ಇವುಗಳಿಂದ ಮಗುವಿಗೆ ಹಾನಿಯಾಗುವ ಸಂಭವವಿದೆ. ಅಲ್ಲದೆ, ತುರ್ತು ಚಿಕಿತ್ಸೆ ಅಗತ್ಯವಿರುವ ಮಗುವಿಗೆ ಮನೆಮದ್ದಿನಲ್ಲಿಯೇ ಅಮೂಲ್ಯ ಸಮಯ ಕಳೆದುಹೋಗುವುದೂ ಉಂಟು. ಯಾವ ಸ್ಥಿತಿ ಸಹಜ, ಯಾವುದು ಅಪಾಯಕರ ಎಂಬುದನ್ನು ಗುರುತಿಸಲು ಪೋಷಕರಿಗೆ ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸಹಜ ಮಲವಿಸರ್ಜನೆಯ ಲಕ್ಷಣಗಳು

ಮಗುವಿನ ಮೊದಲ ಮಲವು ಕಪ್ಪು ಮಿಶ್ರಿತ ಹಸಿರು ಬಣ್ಣದಲ್ಲಿದ್ದು, ಅಂಟಂಟಾಗಿರುತ್ತದೆ. ತಿಂಗಳು ತುಂಬಿ ಜನಿಸಿದ ಬಹುಪಾಲು ಶಿಶುಗಳು 24 ಗಂಟೆಗಳ ಒಳಗಾಗಿ, ಉಳಿದವುಗಳಲ್ಲಿ ಬಹುತೇಕ ಶಿಶುಗಳು 48 ಗಂಟೆಗಳ ಒಳಗಾಗಿ ಇದನ್ನು ವಿಸರ್ಜಿಸುತ್ತವೆ. ಹೆರಿಗೆಯ ನಂತರ ಬರುವ ಗಿಣ್ಣುಹಾಲಿಗೆ ಮಲವನ್ನು ಸಡಿಲಿಸುವ ಗುಣವಿರುವುದರಿಂದ, ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸುವುದು ಇದಕ್ಕೂ ಸಹಕಾರಿಯಾಗಿದೆ.

ಮೂರನೆಯ ಅಥವಾ ನಾಲ್ಕನೆಯ ದಿನ ಮಲವು ಹಸಿರು ಛಾಯೆಗೆ ತಿರುಗಿ, ಐದನೆಯ ದಿನದ ಹೊತ್ತಿಗೆ ಹಳದಿ ಬಣ್ಣ ಪಡೆಯುತ್ತದೆ. ಎದೆಹಾಲು ಕುಡಿಯುವ ಶಿಶುವು ದಿನಕ್ಕೆ ಹಲವು ಬಾರಿ ತೆಳುವಾದ ಮಲ ವಿಸರ್ಜಿಸುವುದು ಸಹಜ. ಆರು ವಾರಗಳು ಕಳೆದ ನಂತರ ಇದೇ ಶಿಶುವು ಹಲವು ದಿನಗಳಿಗೆ ಒಮ್ಮೆ ಮಾತ್ರ ಮಲ ವಿಸರ್ಜಿಸಬಹುದು. ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ತೂಕ ಹೆಚ್ಚುತ್ತಿದ್ದು, ಹೊಟ್ಟೆ ಮೃದುವಾಗಿದ್ದು, ಮಲವು ಮೆತ್ತಗಿದ್ದಲ್ಲಿ ಇದಕ್ಕೆ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

ಮಲಬದ್ಧತೆ ಎಂದರೇನು?

ಮಲಬದ್ಧತೆಯನ್ನು ದಿನಗಳ ಲೆಕ್ಕಕ್ಕಿಂತ ಮುಖ್ಯವಾಗಿ ಮಲದ ಸ್ವರೂಪದಿಂದ ಗುರುತಿಸತಕ್ಕದ್ದು. ಮಲವು ಗಟ್ಟಿಯಾಗಿ, ಒಣಗಿದ ಸಣ್ಣ ಉಂಡೆಗಳಂತೆ ಹೊರಬರುತ್ತಿದ್ದಲ್ಲಿ ಅದು ಮಲಬದ್ಧತೆಯಾಗಿರುತ್ತದೆ. ಕೆಲವು ಶಿಶುಗಳು ಹತ್ತು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಖ ಕೆಂಪಗೆ ಮಾಡಿಕೊಂಡು, ಮುಕ್ಕಿ, ಅತ್ತು, ಕೊನೆಗೆ ಮೆತ್ತನೆಯ ಮಲವನ್ನೇ ವಿಸರ್ಜಿಸುತ್ತವೆ. ಹೊಟ್ಟೆಯ ಒತ್ತಡ ಮತ್ತು ಗುದದ್ವಾರದ ಸಡಿಲಿಕೆಯನ್ನು ಹೊಂದಿಸಿಕೊಳ್ಳಲು ಮಗು ಇನ್ನೂ ಕಲಿಯುತ್ತಿರುವುದೇ ಇದಕ್ಕೆ ಕಾರಣ. ಇದು ಮಲಬದ್ಧತೆಯಲ್ಲ, ಔಷಧಿಯಿಲ್ಲದೆ ತಾನಾಗಿಯೇ ಸರಿಹೋಗುತ್ತದೆ.

ಪ್ರಮುಖ ಕಾರಣಗಳು

1. ಹಾಲು ಸಾಲದಿರುವುದು: ಮೊದಲ ತಿಂಗಳಿನಲ್ಲಿ ಎದೆಹಾಲು ಕುಡಿಯುವ ಶಿಶುವಿಗೆ ಮಲ ಕಡಿಮೆಯಾಗುವುದು ಹಾಲು ಸಾಲುತ್ತಿಲ್ಲವೆಂಬುದರ ಸೂಚನೆಯಾಗಿರಬಹುದು. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ ವಿಸರ್ಜಿಸುತ್ತಿದ್ದಲ್ಲಿ, ಅಥವಾ ಎರಡು ವಾರಗಳಾದರೂ ಜನನದ ತೂಕಕ್ಕೆ ಮರಳದಿದ್ದಲ್ಲಿ, ಮಗುವನ್ನು ಪರೀಕ್ಷೆಗೆ ಒಳಪಡಿಸತಕ್ಕದ್ದು.

2. ಪುಡಿಹಾಲು ಮತ್ತು ಪ್ರಾಣಿಗಳ ಹಾಲು: ಪುಡಿಹಾಲನ್ನು ನಿಗದಿತ ಪ್ರಮಾಣಕ್ಕಿಂತ ಗಟ್ಟಿಯಾಗಿ ಬೆರೆಸಿದಲ್ಲಿ ಮಲವು ಗಟ್ಟಿಯಾಗುತ್ತದೆ ಹಾಗೂ ಮಗುವಿನ ಮೂತ್ರಪಿಂಡಗಳ ಮೇಲೆ ಹೊರೆ ಬೀಳುತ್ತದೆ. ಹಸು, ಎಮ್ಮೆ ಹಾಗೂ ಮೇಕೆಯ ಹಾಲು ನವಜಾತ ಶಿಶುವಿಗೆ ಸೂಕ್ತವಲ್ಲ.

3. ಜನ್ಮಜಾತ ಕಾಯಿಲೆಗಳು: ಸುಮಾರು 5000 ಜನನಗಳಿಗೆ ಒಂದರಂತೆ ಕಂಡುಬರುವ ಹಿರ್ಷ್‌ಸ್ಪ್ರಂಗ್ ಕಾಯಿಲೆಯಲ್ಲಿ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳು ಇರುವುದಿಲ್ಲ. ಆ ಭಾಗವು ಸಡಿಲಗೊಳ್ಳದೆ, ಮಲವು ಅದರ ಮೇಲ್ಭಾಗದಲ್ಲಿ ಸಂಗ್ರಹವಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸಬಹುದಾಗಿದೆ; ವಿಳಂಬವಾದಲ್ಲಿ ಕರುಳಿನ ಸೋಂಕಿನಿಂದ ಪ್ರಾಣಾಪಾಯ ಉಂಟಾಗಬಹುದು. ಗುದದ್ವಾರ ಸರಿಯಾಗಿ ರೂಪುಗೊಳ್ಳದಿರುವುದು ಮತ್ತು ಥೈರಾಯ್ಡ್ ಗ್ರಂಥಿಯ ಕೊರತೆಯೂ ಕಾರಣಗಳಾಗಿರಬಹುದು. ಥೈರಾಯ್ಡ್ ಕೊರತೆಯಿರುವ ಶಿಶುವಿಗೆ ಚಿಕಿತ್ಸೆ ತಡವಾದಲ್ಲಿ ಬುದ್ಧಿಬೆಳವಣಿಗೆ ಕುಂಠಿತವಾಗುತ್ತದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಮುಂದೆ ತಿಳಿಸಿರುವ ಅಪಾಯದ ಲಕ್ಷಣಗಳು ಇಲ್ಲದಿದ್ದಲ್ಲಿ ಮಾತ್ರ ಈ ಕ್ರಮಗಳನ್ನು ಅನುಸರಿಸಬಹುದು.

1. ಹಗಲು ರಾತ್ರಿ ಸೇರಿ ದಿನಕ್ಕೆ 8ರಿಂದ 12 ಬಾರಿ ಎದೆಹಾಲು ನೀಡುವುದು. ಒಂದು ಸ್ತನದ ಹಾಲು ಪೂರ್ಣವಾಗಿ ಕುಡಿದ ನಂತರ ಇನ್ನೊಂದಕ್ಕೆ ಹಾಕುವುದು.
2. ಮಗುವನ್ನು ಬೆನ್ನಮೇಲೆ ಮಲಗಿಸಿ, ಎರಡೂ ಕಾಲುಗಳನ್ನು ಸೈಕಲ್ ತುಳಿಯುವ ರೀತಿಯಲ್ಲಿ ಮೃದುವಾಗಿ ಮಡಿಸಿ ಬಿಡಿಸುವುದು.
3. ಹಾಲು ಕುಡಿಸಿದ ತಕ್ಷಣ ಹೊರತುಪಡಿಸಿ, ಉಳಿದ ವೇಳೆಯಲ್ಲಿ ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಹಗುರವಾಗಿ ನೀವುವುದು. ಹೊಕ್ಕುಳಬಳ್ಳಿ ಉದುರಿ ಗಾಯ ಒಣಗುವವರೆಗೆ ಇದನ್ನು ಮಾಡಬಾರದು.
4. ಪುಡಿಹಾಲು ಅನಿವಾರ್ಯವೆಂದು ವೈದ್ಯರು ಸೂಚಿಸಿದ್ದಲ್ಲಿ, ಕುದಿಸಿದ ನೀರನ್ನು ಮೊದಲು ಅಳೆದು ಹಾಕಿ, ನಂತರ ಡಬ್ಬಿಯಲ್ಲಿರುವ ಚಮಚದಿಂದ ಸಮತಟ್ಟಾಗಿ ಅಳೆದ ಪುಡಿಯನ್ನು ಬೆರೆಸುವುದು. ಸಕ್ಕರೆ ಸೇರಿಸಬಾರದು.

ಬಾಣಂತಿಗೆ ನೀರು, ಸೊಪ್ಪು, ತರಕಾರಿಗಳನ್ನು ಕಡಿಮೆ ಮಾಡುವ ರೂಢಿಯಿಂದ ಮಗುವಿಗೆ ಯಾವುದೇ ಪ್ರಯೋಜನವಿಲ್ಲ. ತಾಯಿಯ ಆರೋಗ್ಯಕ್ಕೆ ಮಾತ್ರ ಹಾನಿಯಾಗುತ್ತದೆ. ಮಗುವಿಗೆ ಮಲಬದ್ಧತೆಯಾಗುವುದೆಂಬ ಭಯದಿಂದ ತಾಯಿಯು ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸಬಾರದು.

ಮಾಡಬಾರದ ಕ್ರಮಗಳು

1. ಆರು ತಿಂಗಳು ತುಂಬುವವರೆಗೆ ನೀರು, ಸಕ್ಕರೆ ನೀರು, ಹಣ್ಣಿನ ರಸ, ಗ್ರೈಪ್ ವಾಟರ್, ಬಜೆ ಹಾಗೂ ಘುಟ್ಟಿಗಳನ್ನು ನೀಡಬಾರದು.
2. ಹರಳೆಣ್ಣೆಯನ್ನಾಗಲೀ ಇತರೆ ಯಾವುದೇ ಎಣ್ಣೆಯನ್ನಾಗಲೀ ಬಾಯಿಗೆ ಅಥವಾ ಮೂಗಿಗೆ ಹಾಕಬಾರದು. ಎಣ್ಣೆಯು ಶ್ವಾಸಕೋಶ ಸೇರಿದಲ್ಲಿ ತೀವ್ರ ಸ್ವರೂಪದ ನ್ಯುಮೋನಿಯಾ ಉಂಟಾಗುತ್ತದೆ.
3. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುಗಳು ನರಗಳ ದೌರ್ಬಲ್ಯಕ್ಕೆ ಕಾರಣವಾಗುತ್ತವೆ. ಈ ರೋಗದ ಮೊದಲ ಲಕ್ಷಣವೇ ಮಲಬದ್ಧತೆಯಾಗಿರುತ್ತದೆ.
4. ಸೋಪಿನ ಚೂರು, ವೀಳ್ಯದೆಲೆಯ ತೊಟ್ಟು, ಕಡ್ಡಿ ಇತ್ಯಾದಿಗಳನ್ನು ಗುದದ್ವಾರದಲ್ಲಿ ಇರಿಸಬಾರದು. ಇದರಿಂದ ಒಳಪದರಕ್ಕೆ ಗಾಯವಾಗುತ್ತದೆ.
5. ವೈದ್ಯರ ಸಲಹೆಯಿಲ್ಲದೆ ಭೇದಿ ಔಷಧಿ ಅಥವಾ ಎನಿಮಾ ನೀಡಬಾರದು.

ಅಪಾಯದ ಲಕ್ಷಣಗಳು

ಈ ಕೆಳಕಂಡ ಯಾವುದೇ ಒಂದು ಲಕ್ಷಣ ಕಂಡುಬಂದಲ್ಲಿ, ರಾತ್ರಿಯಾಗಿದ್ದರೂ ಸಹ, ತಕ್ಷಣವೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

- ಜನಿಸಿದ 48 ಗಂಟೆಗಳ ಒಳಗೆ ಮೊದಲ ಮಲ ವಿಸರ್ಜನೆಯಾಗದಿರುವುದು
- ಹಸಿರು ಬಣ್ಣದ ವಾಂತಿ
- ಹೊಟ್ಟೆ ಉಬ್ಬಿ ಬಿಗಿಯಾಗಿರುವುದು
- ಮಲದಲ್ಲಿ ರಕ್ತ
- ಹಾಲು ಕುಡಿಯದಿರುವುದು, ಮಂಕಾಗಿರುವುದು ಅಥವಾ ಅಳುವಿನಲ್ಲಿ ಕ್ಷೀಣತೆ
- ಜ್ವರ, ಅಥವಾ ಮೈ ತಣ್ಣಗಾಗುವುದು

ಮಲವು ಬಿಳಿ ಅಥವಾ ಬೂದು ಬಣ್ಣದಲ್ಲಿದ್ದಲ್ಲಿ ಪಿತ್ತನಾಳದ ತಡೆ ಇರುವ ಸಾಧ್ಯತೆಯಿದೆ. ಇದಕ್ಕೆ ಅಗತ್ಯವಾದ ಶಸ್ತ್ರಚಿಕಿತ್ಸೆಯು ಮಗುವಿಗೆ 60 ದಿನಗಳು ತುಂಬುವ ಮೊದಲೇ ಆದಲ್ಲಿ ಫಲಿತಾಂಶ ಉತ್ತಮವಾಗಿರುವುದರಿಂದ, ಮಗು ಲವಲವಿಕೆಯಿಂದಿದ್ದರೂ ವಿಳಂಬ ಮಾಡಬಾರದು.

ಲಭ್ಯವಿರುವ ಸೇವೆಗಳು ಮತ್ತು ಪಡೆಯುವ ವಿಧಾನ

ಗೃಹಾಧಾರಿತ ನವಜಾತ ಶಿಶು ಆರೈಕೆ: ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಭೇಟಿ ನೀಡುತ್ತಾರೆ. ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲ ದಿನದ ಭೇಟಿಯೂ ಸೇರಿ ಒಟ್ಟು ಏಳು ಭೇಟಿಗಳಿರುತ್ತವೆ. ಮಗುವಿನ ತೂಕವನ್ನು ಪರೀಕ್ಷಿಸಿಕೊಂಡು, ಮಲಮೂತ್ರ ವಿಸರ್ಜನೆಯ ವಿವರಗಳನ್ನು ಅವರಿಗೆ ಸಂಕೋಚವಿಲ್ಲದೆ ತಿಳಿಸುವುದು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ: 2011ರಲ್ಲಿ ಜಾರಿಗೆ ಬಂದ ಈ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅನಾರೋಗ್ಯಪೀಡಿತ ಶಿಶುಗಳಿಗೆ ಚಿಕಿತ್ಸೆ, ಔಷಧಿ, ಪ್ರಯೋಗಾಲಯ ಪರೀಕ್ಷೆ ಹಾಗೂ ವಾಹನ ಸೌಲಭ್ಯವನ್ನು ಉಚಿತವಾಗಿ ನೀಡಲಾಗುತ್ತದೆ. ಆರಂಭದಲ್ಲಿ 30 ದಿನಗಳವರೆಗಿನ ಶಿಶುಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗಿನ ಶಿಶುಗಳಿಗೂ ವಿಸ್ತರಿಸಲಾಗಿದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಜನ್ಮಜಾತ ನ್ಯೂನತೆಗಳನ್ನು ಗುರುತಿಸಿ, ಅಗತ್ಯವಿದ್ದಲ್ಲಿ ಉನ್ನತ ಆಸ್ಪತ್ರೆಗಳಿಗೆ ಶಿಫಾರಸು ಮಾಡಲಾಗುತ್ತದೆ.

ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬಹುದಾಗಿದೆ. ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಹಾಗೂ ಬಿಡುಗಡೆ ಚೀಟಿಯನ್ನು ಜೊತೆಯಲ್ಲಿರಿಸಿಕೊಳ್ಳುವುದು. ದಾಖಲೆಗಳನ್ನು ಹುಡುಕುವ ಕಾರಣಕ್ಕೆ ಮಾತ್ರ ವಿಳಂಬ ಮಾಡಬಾರದು. ಮೊದಲ ಮಲ ಯಾವಾಗ ಆಯಿತು, ಕೊನೆಯ ಬಾರಿ ಯಾವಾಗ ಆಯಿತು, ಮಲದ ಬಣ್ಣ ಹೇಗಿತ್ತು, ದಿನಕ್ಕೆ ಎಷ್ಟು ಬಾರಿ ಮೂತ್ರವಾಗುತ್ತಿದೆ, ಬಾಯಿಗೆ ಏನೇನು ನೀಡಲಾಗಿದೆ ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸತಕ್ಕದ್ದು. ಈ ಮೂಲಕ ಪೋಷಕರು ಮಗುವಿನ ಶೀಘ್ರ ಚಿಕಿತ್ಸೆಗೆ ಸಹಕರಿಸಬೇಕೆಂದು ಕೋರಲಾಗಿದೆ.