ರಾತ್ರಿ ಹೇರು ಸಾಗಿಸುವ ಪಿಕಪ್ ಗಾಡಿಯ ಮುಂದೀಪಗಳು

ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹೇರಿಕೊಂಡು ರಾತ್ರಿಯೇ ಹೊರಡುವ ಬೇಸಾಯಗಾರರಿಗೆ, ದೀಪವಿಲ್ಲದ ಎತ್ತಿನ ಗಾಡಿಯಾಗಲಿ ದಾರಿಯಲ್ಲಿ ಮಲಗಿದ ದನವಾಗಲಿ ಹತ್ತಿರ ಬರುವವರೆಗೂ ಕಾಣದಿದ್ದರೆ ಬೆಳೆಯೊಡನೆ ಪ್ರಾಣವೂ ಹೋದೀತು. ಬೆಳಕು ಸಾಲದೆಂದು ಕೆಲವರು 60/55 ವ್ಯಾಟಿನ ಬಲ್ಬನ್ನು ತೆಗೆದು 100/90 ವ್ಯಾಟಿನದನ್ನು ಹಾಕಿಸುವರು. ಇದು ಯುಕ್ತವಲ್ಲ, ತೆಳುವಾದ ತಂತಿಯೂ ಹೋಲ್ಡರೂ ಕಾದು ಕರಗುವ ಭಯವುಂಟು.

ದೋಷವು ಅನೇಕ ವೇಳೆ ಬಲ್ಬಿನಲ್ಲಿರದೆ ತಂತಿಯಲ್ಲಿರುವುದು. ಹಳೆಯ ತಂತಿ, ಸ್ವಿಚ್ಚುಗಳಲ್ಲಿ ವೋಲ್ಟೇಜು ನೂರಕ್ಕೆ 10ರಷ್ಟು ಕುಗ್ಗಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ನೂರಕ್ಕೆ ಸುಮಾರು 30ರಷ್ಟು ಕುಗ್ಗುವುದು. ಆದಕಾರಣ ಬ್ಯಾಟರಿಯಿಂದ ಫ್ಯೂಸ್ ಸಹಿತವಾದ ದಪ್ಪ ತಂತಿಯನ್ನು ಎಳೆಸಿ, ನಡುವೆ ರಿಲೇ ಕೂಡಿಸಿ, ತುಕ್ಕು ಹಿಡಿದ ಅರ್ತ್ ತಂತಿಯ ಕೊನೆಯನ್ನು ಉಜ್ಜಿಸತಕ್ಕದ್ದು. ಹಳದಿಗಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ಪಾಲಿಷ್ ಮಾಡಿಸಬೇಕು.

ಹ್ಯಾಲೊಜೆನ್ ಬಲ್ಬಿಗೆಂದೇ ಮಾಡಿದ ದೀಪದಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚೆದರಿ ಎದುರಿನವನ ಕಣ್ಣು ಕುಕ್ಕುವುದು, ಹಣವೂ ದಂಡ.

ಇನ್ನೊಂದು ಮಾತು. ಹಿಂದೆ ಹೇರು ಬಿದ್ದೊಡನೆ ಗಾಡಿಯ ಮೂತಿ ಮೇಲೆದ್ದು, ದೀಪವು ರಸ್ತೆಯನ್ನು ಬಿಟ್ಟು ಹುಣಿಸೆಮರದ ಕೊಂಬೆಗಳನ್ನು ಬೆಳಗುವುದು! ಆದುದರಿಂದ ದೀಪದ ಎತ್ತರವನ್ನು ಹೇರು ತುಂಬಿದ ಮೇಲೆಯೇ ಗೋಡೆಯೆದುರು ನಿಲ್ಲಿಸಿ ಸರಿಪಡಿಸುವುದು. ಬರಿಗಾಡಿಯಲ್ಲಿ ಹಿಂದಿರುಗುವಾಗ ಅದನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರಬೇಕು.