ವಾದ್ಯ ಸಿದ್ಧವಾಯಿತೆಂದು ಹೇಳುವವರಾರು?

ಅಂಗಡಿಯಿಂದ ಕೊಂಡು ತಂದ ಗಿಟಾರ್ ಯಾರೊಬ್ಬನ ಬೆರಳನ್ನೂ ನೆನೆದು ತಯಾರಾದುದಲ್ಲ. ಸಾವಿರಾರು ಕೈಗಳಿಗೆ ಹೇಗೋ ಒಗ್ಗುವಂತೆ ಅದನ್ನು ಅಳೆದು ಮಾಡಿರುತ್ತಾರೆ. ಕೊಂಡವನು ತನ್ನ ಕೈಯನ್ನೇ ಅದಕ್ಕೆ ಒಗ್ಗಿಸಿಕೊಳ್ಳುತ್ತಾನೆ. ಒಬ್ಬನೇ ವಾದಕನಿಗಾಗಿ, ಅವನು ಹೇಳಿದಂತೆ ಮರ ಕಡೆದು ಮಾಡುವ ವಾದ್ಯದ ಸಂಗತಿ ಬೇರೆ. ಅಲ್ಲಿ ಕೆಲಸ ಮುಗಿಯಿತೆಂದು ಹೇಳುವ ಅಧಿಕಾರ ಕಡೆದವನದೋ, ನುಡಿಸುವವನದೋ? ನಮ್ಮ ಎಷ್ಟೋ ಮನೆಗಳಲ್ಲಿ ಗಿಟಾರ್ ಹಿಡಿದ ಮಕ್ಕಳಿರುವುದರಿಂದ ಪ್ರಿಯ ವಾಚಕರಿಗೆ ಈ ಪ್ರಶ್ನೆ ತೀರ ಹೊರಗಿನದೆನಿಸಲಾರದು.

ತತ್ವಶಾಸ್ತ್ರದಲ್ಲಿ ಇದು ಹಳೆಯ ಪ್ರಶ್ನೆ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ 10ನೆಯ ಭಾಗದಲ್ಲಿ ಕೊಳಲಿನ ಉದಾಹರಣೆಯನ್ನು ಕೊಡುತ್ತಾನೆ. ಕೊಳಲಿನ ಗುಣದೋಷಗಳನ್ನು ನಿಜವಾಗಿ ಬಲ್ಲವನು ಅದನ್ನು ನುಡಿಸುವವನು. ಮಾಡುವವನು ಅವನ ಮಾತನ್ನು ನಂಬಿ ಕೆಲಸ ಮಾಡಬೇಕು ಎಂಬುದು ಅವನ ವಾದ. ಅರಿಸ್ಟಾಟಲನಾದರೋ ಮನೆಯ ವಿಷಯದಲ್ಲಿ ಇದನ್ನೇ ಹೇಳುತ್ತಾನೆ: ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನೇ ಉತ್ತಮ ತೀರ್ಪುಗಾರ. ಮನೆ ಕಟ್ಟಿಸಿದವರು ಇದನ್ನು ಒಪ್ಪಲು ಗ್ರೀಕ್ ತತ್ವಜ್ಞಾನ ಓದಬೇಕಾಗಿಲ್ಲ!

ಈ ವಾದಕ್ಕೆ ಇತ್ತೀಚಿನ ಕಾಲದ ಒಂದು ಉದಾಹರಣೆ ಅಮೆರಿಕದ ಬೇಸ್ ಗಿಟಾರ್ ವಾದಕ ಆಂಟನಿ ಜಾಕ್ಸನ್. 1952ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಇವರ ಕಾಲಕ್ಕೆ ಬೇಸ್ ಗಿಟಾರ್ ಎಂದರೆ ನಾಲ್ಕು ತಂತಿಯದು. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್, ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನ ಇ, ಎ, ಡಿ, ಜಿ ಎಂಬ ನಾಲ್ಕು ತಂತಿಗಳನ್ನೇ ಉಳಿಸಿಕೊಂಡಿತ್ತು. ಜಾಕ್ಸನ್ ಕೇಳಿದ ಪ್ರಶ್ನೆ ಸರಳವಾದುದು. ಇದು ಗಿಟಾರ್ ಕುಲದ ವಾದ್ಯವಾದರೆ ಇದಕ್ಕೂ ಆರು ತಂತಿಗಳಿರಬೇಡವೇ? ಅದರಂತೆ 1974ರಲ್ಲಿ ಅವರು ಕಾರ್ಲ್ ಥಾಂಪ್ಸನ್ ಎಂಬ ವಾದ್ಯಶಿಲ್ಪಿಯ ಬಳಿ ಹೋಗಿ, ಕೆಳಗೊಂದು ಮೇಲೊಂದು ತಂತಿ ಕೂಡಿಸಿದ ಆರು ತಂತಿಯ ಬೇಸನ್ನು ಮಾಡಿಕೊಡಲು ಕೇಳಿಕೊಂಡರು. 1975ರಲ್ಲಿ ವಾದ್ಯ ಕೈಗೆ ಬಂದಿತು. ಅದನ್ನವರು ಕಾಂಟ್ರಾಬೇಸ್ ಗಿಟಾರ್ ಎಂದು ಕರೆದರು.

ಮರ ಕಡೆದು, ಅರಗು ಬಳಿದು, ಹೊಳಪು ಕೊಟ್ಟರೆ ನೋಡುವವರ ಕಣ್ಣಿಗೆ ಗಿಟಾರ್ ಮುಗಿದಂತೆಯೇ. ನಿಜವಾದ ಸೂಕ್ಷ್ಮ ಕೆಲಸ ಆರಂಭವಾಗುವುದು ತಂತಿ ಕಟ್ಟಿದ ಮೇಲೆ. ತಂತಿಗಳ ಸೆಳೆತಕ್ಕೆ ದಂಡಿ ಬಾಗುತ್ತದೆ. ಅದರೊಳಗೆ ಹುದುಗಿಸಿದ ಉಕ್ಕಿನ ಸರಳನ್ನು ತಿರುಗಿಸಿ ಆ ಬಾಗನ್ನು ಹದಕ್ಕೆ ತರಬೇಕು. 12ನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಸರಿಯಾಗಿ ಮೇಲಿನ ಸ್ಥಾಯಿಯ ಸ್ವರವೇ ಬರಬೇಕು. ಒತ್ತಿದ ತಂತಿಯಾದರೋ ತುಸು ಬಿಗಿದು ಶ್ರುತಿ ಏರುತ್ತದೆ. ಆದುದರಿಂದ ಕುದುರೆಯ ಮೇಲೆ ಒಂದೊಂದು ತಂತಿಯ ಆಸರೆಯನ್ನೂ ಬೇರೆ ಬೇರೆಯಾಗಿ ಹಿಂದಕ್ಕೆ ಸರಿಸಬೇಕು. ದಪ್ಪ ತಂತಿಗೆ ಸಾಮಾನ್ಯವಾಗಿ ಹೆಚ್ಚು. ಇನ್ನು ತಂತಿಯ ಎತ್ತರ. ತಗ್ಗಿಸಿದರೆ ಅದು ಫ್ರೆಟ್ಟಿಗೆ ತಾಗಿ ಕರಕರ ಸದ್ದು ಮಾಡುತ್ತದೆ, ಏರಿಸಿದರೆ ಬೆರಳು ದಣಿಯುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಕದಲುತ್ತದೆ. ನುಡಿಸುವವನು ಎಷ್ಟು ಬಲವಾಗಿ ಮೀಟುತ್ತಾನೆಂದು ತಿಳಿಯದೆ ಆ ಎತ್ತರವನ್ನು ನಿಶ್ಚಯಿಸುವಂತೆಯೇ ಇಲ್ಲ. ಪ್ಲೇಟೋ ಹೇಳಿದ್ದು ಬರಿಯ ತರ್ಕವಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ.

ಕಾನೂನಿಗೂ ‘ಮುಗಿದ ವಾದ್ಯ’ವೆಂಬುದೊಂದು ಉಂಟು. ಗಿಟಾರಿನ ದಂಡಿಯ ಮೇಲ್ಪಟ್ಟಿಗೆ ಜಗತ್ತಿನಾದ್ಯಂತ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಆ ಮರದ ಕುಲವೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಸುಂಕದ ಅಧಿಕಾರಿಗೆ ಅಷ್ಟು ಸಾಕು. ಜಾಕ್ಸನ್ ಅವರಿಗೆ ಸಾಲದು.

ಥಾಂಪ್ಸನ್ ಮಾಡಿಕೊಟ್ಟ ವಾದ್ಯದಲ್ಲಿ ತಂತಿಗಳ ನಡುವಣ ಅಂತರ ಅವರಿಗೆ ತೀರ ಇಕ್ಕಟ್ಟೆನಿಸಿತು. ಆದುದರಿಂದ ನಾಲ್ಕು ತಂತಿಯ ಹಳೆಯ ಬೇಸನ್ನು ಅವರು ಕೂಡಲೇ ಕೆಳಗಿಡಲಿಲ್ಲ. ದುಡಿದು ತಿನ್ನುವ ಸಂಗೀತಗಾರನಿಗೆ, ಕೇಳಿ ಮಾಡಿಸಿದ್ದೂ ಕೈಗೆ ಒಗ್ಗದಾಗ ಆಗುವ ನಿರಾಸೆ ಸಣ್ಣದಲ್ಲ. ಶಿಲ್ಪಿಯನ್ನು ದೂರಲೂ ಆಗದು. ಅಂಥದೊಂದು ಕಣ್ಮುಂದೆ ಇಲ್ಲದಿರುವಾಗ ಸರಿಯಾದ ಅಳತೆಯನ್ನು ತಿಳಿಸುವುದಾದರೂ ಹೇಗೆ? ವಾದಕನ ಅರಿವು ಕೂಡ ವಾದ್ಯ ಕೈಗೆ ಬಂದ ಮೇಲೆಯೇ ಬೆಳೆಯುತ್ತದೆ. ಇದೊಂದನ್ನು ಪ್ಲೇಟೋ ಗಮನಿಸಲಿಲ್ಲವೆಂದು ನನ್ನ ಎಣಿಕೆ.

ಮುಂದೆ ಕೆನ್ ಸ್ಮಿತ್ ಎಂಬ ತಯಾರಕರ ಬಳಿಯೂ, ಆಮೇಲೆ 1983ರಲ್ಲಿ ಬ್ರೂಕ್ಲಿನ್‌ನಲ್ಲಿ ಆರಂಭವಾದ ಫೊಡೆರಾ ಸಂಸ್ಥೆಯಲ್ಲಿಯೂ ಕೆಲಸ ಮುಂದುವರಿಯಿತು. ಒಂದಾದ ಮೇಲೊಂದು ವಾದ್ಯ ತಯಾರಾಯಿತು. ತಂತಿಗಳ ಅಂತರ ಹಿಗ್ಗಿತು. ಅತಿ ಕೆಳಗಿನ ಬಿ ತಂತಿ ಸೆಕೆಂಡಿಗೆ ಸುಮಾರು 31 ಸಲ ಮಾತ್ರ ಕಂಪಿಸುವುದರಿಂದ ಸಡಿಲವೆನಿಸುವುದುಂಟು. ತಂತಿಯ ಉದ್ದವನ್ನು ವಾಡಿಕೆಯ 34 ಅಂಗುಲದಿಂದ 36ಕ್ಕೆ ಏರಿಸಲಾಯಿತು. ಅದೇ ತಂತಿ, ಅದೇ ಶ್ರುತಿಯಾದರೆ ಎರಡು ಅಂಗುಲದ ಈ ಹೆಚ್ಚಳದಿಂದ ಬಿಗಿ ಶೇ. 12ರಷ್ಟು ಹೆಚ್ಚುತ್ತದೆ. ದಂಡಿ ಒಡಲಿಗೆ ಸೇರುವೆಡೆಯ ಮೇಲ್ಬದಿಯ ಕೊರೆತವನ್ನು ಬಿಟ್ಟು ಅಲ್ಲಿ ಮರವನ್ನು ಗಟ್ಟಿಯಾಗಿ ಉಳಿಸಿದರು. ಕೊನೆಗೆ ಧ್ವನಿಯನ್ನು ಏರಿಸಿ ಇಳಿಸುವ, ನಾದವನ್ನು ಬದಲಿಸುವ ಗುಂಡಿಗಳೂ ಬೇಡವೆಂದರು ಜಾಕ್ಸನ್. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನಿಂದ ತಂತು ನೇರವಾಗಿ ಹೊರಹೋಗುವ ಕಿಂಡಿಗೆ ಸಾಗಿತು. ಆ ವಾದ್ಯದ ಮುಖದ ಮೇಲೆ ತಿರುಗಿಸುವುದಕ್ಕೆ ಏನೂ ಉಳಿಯಲಿಲ್ಲ. ಹೆಚ್ಚು ಕಡಿಮೆ ಮಾಡುವುದೆಲ್ಲ ಅವರ ಬೆರಳಿಗೇ ಬಂದಿತು.