ಚೌತಿಯ ಎಲೆಗೆ ದಿಲ್ಲಿಯ ತರಕಾರಿ

ಭಾದ್ರಪದ ಶುದ್ಧ ಚೌತಿ ಸಮೀಪಿಸಿತೆಂದರೆ ದಿಲ್ಲಿಯಲ್ಲಿರುವ ನಮ್ಮವರಲ್ಲಿ ಎರಡು ಲೆಕ್ಕಗಳು ಆರಂಭವಾಗುತ್ತವೆ. ಒಂದು ರಜೆಯ ಲೆಕ್ಕ, ಇನ್ನೊಂದು ಖರ್ಚಿನ ಲೆಕ್ಕ. ಕೇಂದ್ರ ಸರಕಾರದ ಕಚೇರಿಯ ಗುಮಾಸ್ತನಿಗೆ ತಾನಾಗಿ ಆರಿಸಿಕೊಳ್ಳಬಹುದಾದ ರಜೆಗಳು ವರುಷಕ್ಕೆ ಎರಡೇ. ಯುಗಾದಿಗೆ ಒಂದನ್ನು ಸಲ್ಲಿಸಿದರೆ ಉಳಿಯುವುದು ಒಂದು. ಹೋಟೆಲಿನಲ್ಲಿ ದುಡಿಯುವವರಿಗೆ ಆ ಲೆಕ್ಕವೂ ಇಲ್ಲ. ಊರಿಗೆಲ್ಲ ಹಬ್ಬವಾದರೆ ಹೋಟೆಲಿನ ಒಲೆಗೆ ದುಪ್ಪಟ್ಟು ಕೆಲಸ. ಖರ್ಚಿನ ಮಾತೋ, ದಕ್ಷಿಣದಿಂದ ಬರುವ ತೆಂಗಿನಕಾಯಿ, ಬಾಳೆಯೆಲೆ, ಮಂಗಳೂರು ಸೌತೆಗಳ ಬೆಲೆಯನ್ನು ಕೇಳಿ, “ಈ ಸಲ ಪಾಯಸವೊಂದು ಸಾಕು” ಎಂದು ಹಬ್ಬವನ್ನು ಮೊಟಕುಗೊಳಿಸುವ ಮನೆಗಳನ್ನು ನಾವು ಬಲ್ಲೆವು.

ಈ ಮೊಟಕು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಹಬ್ಬದ ಎಲೆಯ ಭಾರವನ್ನು ಹೊರುವುದು ಸಿಹಿಯಲ್ಲ, ತರಕಾರಿ. ಕಡುಬು, ಪಾಯಸಗಳು ಎಲೆಯ ಒಂದು ಮೂಲೆಯಲ್ಲಿರುತ್ತವೆ. ಉಳಿದ ಎಲೆಯನ್ನು ತುಂಬುವವು ಕೋಸಂಬರಿ, ಪಲ್ಯ, ಚಟ್ನಿ, ಹುಳಿ, ಮಜ್ಜಿಗೆಹುಳಿಗಳು. ಅವುಗಳಿಗೆ ಬೇಕಾದ ಕಾಯಿಪಲ್ಯವಾದರೋ ಈ ತಿಂಗಳಿನಲ್ಲಿ ದಿಲ್ಲಿಯ ಕೈಗಾಡಿಯ ಮೇಲೆಯೇ ನಮ್ಮ ಬಾಗಿಲಿಗೆ ಬರುತ್ತದೆ.

ಚೌತಿಗೂ ತರಕಾರಿಗೂ ಇರುವ ನಂಟು ಹಳೆಯದು. ಉಡುಪಿಯ ಕಡೆಯ ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯವನ್ನು ಆಚರಿಸುವವರು ಮೊದಲನೆಯ ತಿಂಗಳು ಶಾಕವ್ರತವೆಂದು ಸೊಪ್ಪು ತರಕಾರಿಗಳನ್ನು ಬಿಡುತ್ತಾರೆ. ಎರಡನೆಯ ತಿಂಗಳು ಮೊಸರನ್ನು, ಮೂರನೆಯ ತಿಂಗಳು ಹಾಲನ್ನು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯಗಳನ್ನು ಬಿಡುತ್ತಾರೆ. ಚೌತಿ ಬರುವುದು ಎರಡನೆಯ ತಿಂಗಳ ಕೊನೆಯ ಭಾಗದಲ್ಲಿ. ತರಕಾರಿಯಿಲ್ಲದೆ ಒಂದು ತಿಂಗಳನ್ನು ಕಳೆದ ನಾಲಿಗೆಗೆ ಮಳೆಗಾಲದ ಹೀರೆ, ಬೆಂಡೆ, ಅಲಸಂದೆ, ಹರಿವೆಗಳು ಮರಳಿ ದೊರೆತ ಮೇಲೆ ಬರುವ ಮೊದಲ ದೊಡ್ಡ ಹಬ್ಬಗಳಲ್ಲಿ ಇದೂ ಒಂದು. ಹಿತ್ತಿಲಿನ ಚಪ್ಪರದಲ್ಲಿ ಬೆಳೆದುದನ್ನು ಎಲೆಗೆ ತರುವುದೇ ಅಲ್ಲಿಯ ಪದ್ಧತಿಯಾಗಿತ್ತು. ಊರಿನಲ್ಲಿದ್ದವರು ಊರಿನ ಹಿತ್ತಿಲನ್ನು ನೋಡಿ ಅಡಿಗೆ ಮಾಡಿದಂತೆ ದಿಲ್ಲಿಯಲ್ಲಿರುವವರು ದಿಲ್ಲಿಯ ಸಂತೆಯನ್ನು ನೋಡಿ ಮಾಡಿದರೆ ಸಂಪ್ರದಾಯಕ್ಕೆ ಭಂಗವೇನೂ ಇಲ್ಲ.

ಹೆಸರುಗಳ ಗೊಂದಲವೊಂದು ಮಾತ್ರ ಉಂಟು. ಇಲ್ಲಿಯ ಗಾಡಿಯವನು “ಸೀತಾಫಲ” ಎಂದು ಕೂಗಿದರೆ ಹೊಸಬರು ಹಣ್ಣೆಂದು ಓಡಿಹೋಗುತ್ತಾರೆ, ಅಲ್ಲಿರುವುದು ಸಿಹಿಗುಂಬಳ! ನಮ್ಮ ಸೀತಾಫಲಕ್ಕೆ ಇಲ್ಲಿ ಶರೀಫಾ ಎಂದು ಹೆಸರು. ಸೋರೆಕಾಯಿ ಘಿಯಾ ಅಥವಾ ಲೌಕಿ, ತೊಂಡೆ ಕುಂದ್ರು, ಕೆಸುವಿನ ಗೆಡ್ಡೆ ಅರ್ಬಿ, ಹರಿವೆಯ ಜಾತಿಯ ಸೊಪ್ಪು ಚೌಲಾಯಿ, ಅಲಸಂದೆ ಲೋಬಿಯಾದ ಫಲಿ. ತೋರಿಯಲ್ಲಿ ಎರಡು ಬಗೆ: ನುಣುಪಾದುದು ತುಪ್ಪೀರೆ, ಏಣುಳ್ಳದ್ದು ನಮ್ಮ ಹೀರೆ. ಇವಿಷ್ಟನ್ನು ಬಲ್ಲವರಿಗೆ ಐ.ಎನ್.ಎ. ಮಾರುಕಟ್ಟೆಗೆ ಹೋಗಬೇಕಾದುದು ತೆಂಗಿನಕಾಯಿ, ಕರಿಬೇವುಗಳಿಗಾಗಿ ಮಾತ್ರ. ಬಾಳೆಯೆಲೆ ದುಬಾರಿಯಾದರೆ ಇಲ್ಲಿಯ ಪತ್ತಲಿನ ಮೇಲೆ ಬಡಿಸಬಹುದು. ಮುತ್ತುಗದ ಎಲೆಯಲ್ಲಿ ಉಂಡವರಿಗೆ ಅದು ಹೊಸದಲ್ಲ.

ಇನ್ನು ಅಡಿಗೆಗೆ ಬರೋಣ. ನಾಲ್ವರ ಮನೆಗೆ ಒಂದು ತೆಂಗಿನಕಾಯಿ ಸಾಕು. ಅದನ್ನು ನಾಲ್ಕು ಪಾಲು ಮಾಡಿ, ಒಂದನ್ನು ಹುಳಿಗೆ, ಒಂದನ್ನು ಮಜ್ಜಿಗೆಹುಳಿಗೆ, ಒಂದನ್ನು ಪಲ್ಯ ಚಟ್ನಿಗಳಿಗೆ, ಕೊನೆಯದನ್ನು ಕೋಸಂಬರಿ ಪಾಯಸಗಳಿಗೆ ಇಟ್ಟುಕೊಳ್ಳತಕ್ಕದ್ದು.

ಹುಳಿಗೆ ಸಿಹಿಗುಂಬಳವೇ ಉತ್ತಮ. ಅರ್ಧ ಕಿಲೋ ಕುಂಬಳವನ್ನು ಸಿಪ್ಪೆಯೊಡನೆ ದೊಡ್ಡ ಹೋಳುಗಳಾಗಿ ಹೆಚ್ಚಿ, ಅರ್ಧ ಲೋಟ ತೊಗರಿಬೇಳೆಯನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಎರಡು ಚಮಚ ಕೊತ್ತಂಬರಿ, ಒಂದು ಚಮಚ ಕಡಲೆಬೇಳೆ, ಕಾಲು ಚಮಚ ಮೆಂತ್ಯ, ಐದಾರು ಒಣಮೆಣಸಿನಕಾಯಿ, ಚೂರು ಇಂಗು ಇವನ್ನು ಎಣ್ಣೆಯಲ್ಲಿ ಹುರಿದು ಕಾಯಿಯೊಡನೆ ರುಬ್ಬಿ, ಹುಣಸೆಹುಳಿ ಬೆಲ್ಲಗಳನ್ನು ಸೇರಿಸಿ ಕುದಿಸಿದರೆ ಮುಗಿಯಿತು. ಬ್ಯಾಡಗಿ ಮೆಣಸಿನಕಾಯಿ ದೊರೆಯದಿದ್ದಲ್ಲಿ ಖಾರಿ ಬಾವಲಿಯ ಅಂಗಡಿಗಳಲ್ಲಿ ಸಿಗುವ ಕಾಶ್ಮೀರಿ ಮೆಣಸಿನಕಾಯಿ ಬಣ್ಣಕ್ಕೆ ಸರಿಹೋಗುತ್ತದೆ.

ಹೀರೆಕಾಯಿಯಿಂದ ಒಂದರ ಬೆಲೆಗೆ ಎರಡು ಪದಾರ್ಥ. ತಿರುಳಿನಿಂದ ಪಲ್ಯ, ಎಳೆಯ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಮೆಣಸಿನಕಾಯಿ, ಹುಣಸೆ, ತುಸು ಕಾಯಿಯೊಡನೆ ರುಬ್ಬಿದರೆ ಚಟ್ನಿ. ಸೋರೆಕಾಯಿಯನ್ನು ಬೇಯಿಸಿ, ನೆನೆದ ಕಡಲೆಬೇಳೆ, ಜೀರಿಗೆ, ಹಸಿಮೆಣಸು, ಕಾಯಿಗಳನ್ನು ನುಣ್ಣಗೆ ಅರೆದು ಹಾಕಿ, ಹುಳಿಮೊಸರನ್ನು ಕಡೆದು ಸೇರಿಸಿ, ಉಕ್ಕು ಬಂದೊಡನೆ ಇಳಿಸಿದರೆ ಮಜ್ಜಿಗೆಹುಳಿ. ಮೊಸರನ್ನು ಬಿಟ್ಟವರು ಇದರ ಬದಲು ಅಲಸಂದೆಯ ಪಲ್ಯವನ್ನೊಂದು ಹೆಚ್ಚಿಗೆ ಮಾಡಿಕೊಳ್ಳಲಿ. ಕೋಸಂಬರಿಗಂತೂ ಒಗ್ಗರಣೆಯ ಹೊರತು ಒಲೆಯೇ ಬೇಡ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಹಾಕಿ, ಸೌತೆಯ ಕಹಿಯನ್ನು ನೋಡಿ ಹೆಚ್ಚಿ, ಕಾಯಿ ನಿಂಬೆರಸಗಳನ್ನು ಬೆರೆಸುವುದು. ಉಪ್ಪನ್ನು ಮಾತ್ರ ಬಡಿಸುವ ಗಳಿಗೆಯಲ್ಲಿಯೇ ಹಾಕಬೇಕು. ಇಲ್ಲವಾದರೆ ಸೌತೆ ನೀರು ಬಿಡುತ್ತದೆ.

ಈ ಅಡಿಗೆಗಳಲ್ಲಿ ಈರುಳ್ಳಿಯಿಲ್ಲ, ಟೊಮೇಟೊ ಇಲ್ಲ, ಆಲೂಗಡ್ಡೆಯಿಲ್ಲ ಎಂಬುದನ್ನು ವಾಚಕರು ಗಮನಿಸಿರಬಹುದು. ಹಳೆಯ ಮಡಿಯಡಿಗೆಯಲ್ಲಿ ಅವುಗಳಿಗೆ ಪ್ರವೇಶವಿರಲಿಲ್ಲ. ಇದರಿಂದ ಒಂದು ಲೌಕಿಕ ಲಾಭವೂ ಉಂಟು. 2023ರ ಜುಲೈ ತಿಂಗಳಿನಲ್ಲಿ ಟೊಮೇಟೊ ಬೆಲೆ ಕಿಲೋಗೆ ನೂರು ರೂಪಾಯಿಗಳನ್ನು ಮೀರಿ, ಅದೇ ತಿಂಗಳು ಯಮುನೆಯು 208 ಮೀಟರಿನ ಮಟ್ಟವನ್ನೂ ದಾಟಿ ದಂಡೆಯ ತರಕಾರಿ ಹೊಲಗಳನ್ನು ಮುಳುಗಿಸಿದಾಗ, ಕೊಳ್ಳುವವರ ಗೋಳು ಹೇಳತೀರದು. ಹುಣಸೆಯ ಹುಳಿಯನ್ನು ನಂಬಿದ ಅಡಿಗೆಮನೆಗೆ ಟೊಮೇಟೊ ಚಿಂತೆಯಾದರೂ ಇರಲಿಲ್ಲ. ಒಂದು ತರಕಾರಿ ತುಟ್ಟಿಯಾದರೆ ಅದರ ಜಾಗಕ್ಕೆ ಇನ್ನೊಂದನ್ನು ಹಾಕಬಹುದಾದುದು ನಮ್ಮ ಹುಳಿಯ ದೊಡ್ಡ ಗುಣ.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಈ ನಗರದಲ್ಲಿ ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ಅಡಿಗೆಯವರು, ಬಡಿಸುವವರು, ಲೋಟ ತಟ್ಟೆ ತೊಳೆಯುವ ಹುಡುಗರು ದಿನವೂ ಸಾವಿರಾರು ಜನರ ಹೊಟ್ಟೆ ತುಂಬಿಸುತ್ತಾರೆ. ಅವರಿಗೆ ಊಟದ ಕೊರತೆಯಿಲ್ಲ, ನಿಜ. ಆದರೆ ವರುಷವಿಡೀ ಒಂದೇ ಪಾಕದ ಸಾಂಬಾರನ್ನು ಉಂಡವನಿಗೆ ಇಂದು ಕುಂಬಳ, ನಾಳೆ ಹೀರೆ ಎಂದು ದಿನಕ್ಕೊಂದು ರುಚಿಯಾಗುವ ಮನೆಯ ಹುಳಿ ಎಷ್ಟು ದೊಡ್ಡದೆಂಬುದು ಮನೆಯಲ್ಲಿ ಉಣ್ಣುವವರಿಗೆ ತಿಳಿಯದು. ನೂರು ಜನರ ಅಡಿಗೆಗೆ ಕಣ್ಣಳತೆಯಲ್ಲಿ ಉಪ್ಪು ಹಾಕಬಲ್ಲ ಕೈ ಹಬ್ಬದ ದಿನ ತನ್ನ ಎಲೆಯ ಮುಂದೆ ಕುಳಿತುಕೊಳ್ಳುವುದೇ ಇಲ್ಲ. ನಿಂತಲ್ಲಿಯೇ ಉಂಡು, ಮತ್ತೆ ಒಲೆಯ ಕಡೆಗೆ ತಿರುಗುವುದು.

1948ರಲ್ಲಿ ಸ್ಥಾಪನೆಯಾದ ದಿಲ್ಲಿ ಕರ್ನಾಟಕ ಸಂಘವು ನಮ್ಮವರನ್ನು ಒಂದೆಡೆ ಕೂಡಿಸುತ್ತ ಬಂದಿದೆ. ಆದರೆ ಸಂಘದ ಸಮಾರಂಭಕ್ಕೆ ಹೋಗಲು ಬಿಡುವು ಬೇಕು. ಹೋಟೆಲಿನವನಿಗೆ ಇಲ್ಲದಿರುವುದೇ ಅದು. ಮಧ್ಯಾಹ್ನದ ಊಟದ ಸಂದಣಿ ಇಳಿದು ಸಂಜೆಯ ತಿಂಡಿಯ ಒಲೆ ಏಳುವ ನಡುವೆ ಅವನಿಗೆ ಒಂದೆರಡು ಗಂಟೆ ದೊರೆಯುವುದುಂಟು. ರಾಮಕೃಷ್ಣಪುರದಲ್ಲಾಗಲಿ, ಕರೋಲ್‌ಬಾಗಿನಲ್ಲಾಗಲಿ, ನೋಯ್ಡಾ, ಗುರುಗ್ರಾಮಗಳಲ್ಲಾಗಲಿ ಸಂಸಾರವಂತರಾದ ನೌಕರರು ಹತ್ತಿರದ ಹೋಟೆಲಿನ ಇಬ್ಬರನ್ನು ಆ ಹೊತ್ತಿಗೆ ಕರೆಯಲಿ ಎಂಬುದು ನಮ್ಮ ಸೂಚನೆ. ನಾಲ್ವರ ಹುಳಿಗೆ ಎರಡು ಲೋಟ ನೀರು, ಒಂದು ಹಿಡಿ ಬೇಳೆ, ನಾಲ್ಕು ಹೋಳು ಹೆಚ್ಚಾದರೆ ಆರು ಜನರ ಹುಳಿಯಾಗುತ್ತದೆ. ಮಾಲೀಕರೂ ಅಂದು ಸರದಿಯನ್ನು ಸ್ವಲ್ಪ ಸಡಿಲಿಸಿದರೆ ಅವರಿಗೆ ನಷ್ಟವೇನೂ ಆಗದು.

ಇದರಿಂದ ಕರೆದವರ ಮನೆಗೂ ಉಪಕಾರವುಂಟು. ಇಲ್ಲಿಯೇ ಹುಟ್ಟಿದ ಮಕ್ಕಳು ಹೀರೆಯನ್ನು ತೋರಿಯೆಂದೇ ಬಲ್ಲರು. ತಟ್ಟೆಯ ಬದಿಗೆ ಸರಿಸುವುದನ್ನೂ ಬಲ್ಲರು. ಅತಿಥಿಯೊಬ್ಬನು ಎದುರು ಕುಳಿತು, “ಅಕ್ಕಾ, ಇನ್ನೊಂದು ಸೌಟು ಹುಳಿ ಬಡಿಸಿ” ಎಂದು ಕೇಳಿ ಉಣ್ಣುವುದನ್ನು ನೋಡಿದರೆ, ಅದರಲ್ಲಿ ಏನೋ ರುಚಿಯಿರಬೇಕೆಂದು ಅವರಿಗೂ ತೋರೀತು. ಮೂರು ಗಂಟೆಗೆ ಎಲೆ ಹಾಕುವುದಾದರೆ ಬೆಳಗಿನ ಪೂಜೆಗೂ ಅಡಿಗೆಗೂ ಧಾರಾಳ ಸಮಯವಿದೆ. ತರಕಾರಿಯನ್ನು ಹಿಂದಿನ ದಿನ ಸಂಜೆಯೇ ತಂದಿಟ್ಟುಕೊಂಡು, ಕರೆಯಬೇಕಾದವರಿಗೆ ಅಂದೇ ಹೇಳಿಕಳುಹಿಸುವುದು ಒಳ್ಳೆಯದು.